ಬಿದ್ದವನ ಬಳಿ ನಿಂತವರ ಕರ್ತವ್ಯ

(ತಾಲ್ಲೂಕು ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಈ ಶಿಬಿರದಲ್ಲಿ ನಿನ್ನೆಯಿಂದ ಭೂಮಿಯ ವಿಚಾರ, ಪಂಚಾಯಿತಿಯ ವಿಚಾರ, ಪಡಿತರದ ವಿಚಾರ ಎಲ್ಲವನ್ನೂ ಮಾತನಾಡಿದ್ದಾಯಿತು. ಇಂದು ಬೆಳಗಿನ ಒಂದು ಗಂಟೆಯನ್ನು ಬೇರೊಂದು ವಿಷಯಕ್ಕೆ ಬಿಟ್ಟುಕೊಡಿ ಎಂದು ನಾವು ಕೇಳಿದಾಗ ಕೆಲವು ಗೆಳೆಯರು ಹುಬ್ಬೇರಿಸಿದರು. ಎದೆ ನಿಂತು ಸಾಯುವವರ ವಿಚಾರಕ್ಕೂ ನಮ್ಮ ಶಿಬಿರಕ್ಕೂ ಏನು ಸಂಬಂಧ, ಅದು ಡಾಕ್ಟರುಗಳ ಕೆಲಸವಲ್ಲವೆ ಎಂದರು. ಆ ಪ್ರಶ್ನೆಗೆ ಉತ್ತರ ಹೇಳುವುದೇ ನಮ್ಮ ಇಂದಿನ ಮಾತಿನ ಉದ್ದೇಶ.

ನಾವು ವೈದ್ಯರಲ್ಲ. ಕೆಲವು ವರ್ಷ ಹಳ್ಳಿಯ ಮಕ್ಕಳಿಗೆ ಮಗ್ಗಿ, ಕಾಗುಣಿತ ಹೇಳಿಕೊಟ್ಟು ಆಮೇಲೆ ಈ ಕೆಲಸಕ್ಕೆ ಬಂದವರು. ನಮ್ಮ ಓದು ಮೆಟ್ರಿಕ್ಕಿಗೆ ನಿಂತಿತು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವುಂಟು. ನಾವು ಕಲಿಯಬಲ್ಲ ವಿದ್ಯೆಯನ್ನು ಇಲ್ಲಿ ಕುಳಿತಿರುವ ಎಲ್ಲರೂ ಕಲಿಯಬಲ್ಲರು. ಇದಕ್ಕೆ ಪದವಿ ಬೇಡ, ಇಂಗ್ಲಿಷ್ ಬೇಡ. ಎರಡು ಕೈ ಬೇಕು, ಸ್ವಲ್ಪ ಧೈರ್ಯ ಬೇಕು, ಒಂದು ಗಂಟೆಯ ಅಭ್ಯಾಸ ಬೇಕು.

ಒಬ್ಬ ಮನುಷ್ಯನ ಹೃದಯ ಹಠಾತ್ತನೆ ನಿಂತುಹೋದಾಗ ಅವನ ಬಳಿ ಯಾರು ಇರುತ್ತಾರೆ, ಯೋಚಿಸಿ. ಡಾಕ್ಟರು ಇರುವುದಿಲ್ಲ. ಗದ್ದೆಯಲ್ಲಾದರೆ ಜೊತೆಯಲ್ಲಿ ನಾಟಿ ಮಾಡುತ್ತಿದ್ದವರು ಇರುತ್ತಾರೆ. ಬಸ್ಸಿನಲ್ಲಾದರೆ ಪಕ್ಕದ ಸೀಟಿನವರು, ಕಂಡಕ್ಟರು. ಸಂತೆಯಲ್ಲಾದರೆ ತರಕಾರಿ ಮಾರುವ ಹೆಂಗಸು. ಮನೆಯಲ್ಲಾದರೆ ಹೆಂಡತಿ, ಸೊಸೆ, ಹೈಸ್ಕೂಲಿಗೆ ಹೋಗುವ ಮಗ. ಅವನು ಬದುಕುವುದೂ ಸಾಯುವುದೂ ಮೊದಲ ಕೆಲವು ನಿಮಿಷ ಇವರ ಕೈಯಲ್ಲಿರುತ್ತದೆ. ನಮ್ಮಲ್ಲಿ ಇವರು ಏನು ಮಾಡುತ್ತಾರೆ? ಮುಖಕ್ಕೆ ನೀರು ಎರಚುತ್ತಾರೆ, ಗಾಳಿ ಹಾಕುತ್ತಾರೆ, ಅಂಗಾಲು ಉಜ್ಜುತ್ತಾರೆ, ಎಬ್ಬಿಸಿ ಕೂರಿಸಲು ನೋಡುತ್ತಾರೆ, ಸೋಡಾ ತರಿಸುತ್ತಾರೆ. ಇದರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಭಯ ಮಾತ್ರ ನಮ್ಮಲ್ಲಿ ಬೇಕಾದಷ್ಟಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಇಡೀ ಕರ್ನಾಟಕ ಎದೆ ಮುಟ್ಟಿ ನೋಡಿಕೊಂಡಿತು. 2025ರ ಮಧ್ಯದಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳೊಳಗೆ 20ಕ್ಕೂ ಹೆಚ್ಚು ಮಂದಿ ಹೀಗೆ ಸತ್ತರೆಂಬ ಸುದ್ದಿ ಬಂದಾಗ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾವಿರಾರು ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲೆಕ್ಕ ನೋಡಿ, ಅಸಾಮಾನ್ಯ ಏರಿಕೆಯೇನೂ ಕಂಡಿಲ್ಲವೆಂದು ವರದಿ ಕೊಟ್ಟಿತು. ಸಾಲು ಕರಗಿತು. ಆದರೆ ನಾಳೆ ನಮ್ಮ ಬೀದಿಯಲ್ಲಿ ಒಬ್ಬ ಕುಸಿದುಬಿದ್ದರೆ ಏನು ಮಾಡಬೇಕೆಂಬುದನ್ನು ಆ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನ ಕಲಿತು ಬಂದರು? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ ನಮಗೆಲ್ಲ ಗೊತ್ತು. ನಾವು ಬೆಂಕಿ ಆರಿದ ಮೇಲೆ ಗುದ್ದಲಿಯನ್ನು ಮೂಲೆಗೆ ಇಡುವವರಾಗಿದ್ದೇವೆ.

ಇಲ್ಲಿ ಎರಡು ಮಾತುಗಳನ್ನು ಬಿಡಿಸಿ ತಿಳಿಯಬೇಕು. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ನೀರಾವರಿಯ ರೈತರಿಗೆ ಇದನ್ನು ತಿಳಿಸುವುದು ಸುಲಭ. ಕಾಲುವೆಗೆ ಕಸ ಕಟ್ಟಿ ಗದ್ದೆಯ ಒಂದು ಮೂಲೆಗೆ ನೀರು ಹೋಗದಿದ್ದರೆ ಆ ಮೂಲೆಯ ಪೈರು ಬಾಡುತ್ತದೆ. ಹೃದಯಾಘಾತವೆಂದರೆ ಹಾಗೆ, ಹೃದಯಕ್ಕೇ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಅದರ ಒಂದು ಭಾಗ ಬಾಡತೊಡಗುತ್ತದೆ. ಆಗ ಮನುಷ್ಯನಿಗೆ ಎಚ್ಚರವಿರುತ್ತದೆ. ಎದೆ ಹಿಂಡಿದಂತೆ ನೋವು, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ಏದುಸಿರು, ಇವು ಅದರ ಗುರುತು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವು ಅಷ್ಟು ಕಾಣದೆ ಸುಸ್ತು, ವಾಕರಿಕೆ, ಉಬ್ಬಸ ಮಾತ್ರ ಕಾಣಬಹುದು. ನಮ್ಮ ಊರುಗಳಲ್ಲಿ ಇದಕ್ಕೆಲ್ಲ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಜೀರಿಗೆ ಕಷಾಯ ಕುಡಿದು ಮಲಗಿ ಬೆಳಗಾಗುವುದನ್ನು ಕಾಯುತ್ತಾರೆ. ಕಾಯಕೂಡದು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ಹೃದಯಸ್ತಂಭನವೆಂದರೆ ಪಂಪ್‌ಸೆಟ್ಟೇ ನಿಂತುಹೋದಂತೆ. ಹೃದಯದ ವಿದ್ಯುತ್ತಿನ ಲಯ ತಪ್ಪಿ ಅದು ಬಡಿಯುವ ಬದಲು ಸುಮ್ಮನೆ ನಡುಗುತ್ತದೆ, ಅಥವಾ ಪೂರ್ತಿ ನಿಲ್ಲುತ್ತದೆ. ಮನುಷ್ಯ ಕ್ಷಣಮಾತ್ರದಲ್ಲಿ ಎಚ್ಚರ ತಪ್ಪಿ ಬೀಳುತ್ತಾನೆ. ಹೃದಯಾಘಾತದಿಂದ ಇದು ಸಂಭವಿಸಬಹುದು, ವಿದ್ಯುತ್ ಆಘಾತದಿಂದ ಆಗಬಹುದು, ಹುಟ್ಟಿನಿಂದಲೇ ಇದ್ದ ಯಾವುದೋ ದೋಷದಿಂದ ಎಳೆಯರಿಗೂ ಆಗಬಹುದು. ರಕ್ತ ಹೋಗದ ಮಿದುಳು ನಾಲ್ಕರಿಂದ ಆರು ನಿಮಿಷಗಳಲ್ಲಿ ಕೆಡಲಾರಂಭಿಸುತ್ತದೆ. ಏನೂ ಮಾಡದೆ ಬಿಟ್ಟರೆ, ಕಳೆಯುವ ಒಂದೊಂದು ನಿಮಿಷಕ್ಕೆ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತ ಹೋಗುತ್ತದೆ.

ಈಗ ಶಾಲೆಯ ಲೆಕ್ಕ ಮಾಡೋಣ. ನಿಮ್ಮ ಊರು ತಾಲ್ಲೂಕು ಆಸ್ಪತ್ರೆಗೆ 15 ಕಿಲೋಮೀಟರು ದೂರವಿದೆ ಎನ್ನಿ. ಕರೆ ಹೋದ ಗಳಿಗೆಯಲ್ಲೇ 108ರ ಗಾಡಿ ಹೊರಟಿತು, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಎಲ್ಲಿಯೂ ನಿಲ್ಲದೆ ಬಂದಿತು ಎಂದೇ ಇಟ್ಟುಕೊಳ್ಳಿ. ಆದರೂ 15 ನಿಮಿಷ. ನಮ್ಮ ರಸ್ತೆಯ ಗುಂಡಿಗಳನ್ನು ನಾವು ಲೆಕ್ಕಕ್ಕೆ ಸೇರಿಸಿಲ್ಲ. ನಿಮಿಷಕ್ಕೆ ಹತ್ತರಂತೆ ಕಳೆದರೆ ಹತ್ತನೆಯ ನಿಮಿಷಕ್ಕೆ ಉಳಿಯುವುದು ಸೊನ್ನೆ. ಬೆಂಗಳೂರಿನ ದೊಡ್ಡ ಬಂಗಲೆಯಲ್ಲಿ ಬಿದ್ದವನಿಗೂ ವಾಹನಗಳ ದಟ್ಟಣೆಯ ನಡುವೆ ಇದೇ ಲೆಕ್ಕ. ಆದುದರಿಂದ ಆಂಬುಲೆನ್ಸು ಎಷ್ಟೇ ಬೇಗ ಬರಲಿ, ಅದು ಬರುವವರೆಗಿನ ಕಾಲವನ್ನು ಹಿಡಿದು ನಿಲ್ಲಿಸುವವರು ಅಲ್ಲೇ ಇರುವ ಜನರಾಗಬೇಕು. ಬೇರೆ ದಾರಿಯಿಲ್ಲ.

ಹಿಡಿದು ನಿಲ್ಲಿಸುವ ಉಪಾಯ ಸಿಕ್ಕಿದ ಕತೆಯನ್ನು ನಮ್ಮ ಕಾರ್ಮಿಕ ಗೆಳೆಯರು ಕೇಳಬೇಕು. ಅಮೆರಿಕದಲ್ಲಿ ವಿದ್ಯುತ್ ಕಂಬ ಹತ್ತುವ ಲೈನ್‌ಮನ್‌ಗಳು ಆಘಾತದಿಂದ ಸಾಯುತ್ತಿದ್ದರು. ಇದಕ್ಕೆ ಪರಿಹಾರ ಹುಡುಕಲು ವಿದ್ಯುತ್ ಕಂಪನಿಗಳು ಹಣ ಕೊಟ್ಟವು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಕೌವೆನ್‌ಹೋವನ್ ಎಂಬ ಎಂಜಿನಿಯರು ಅನೇಕ ವರ್ಷ ಈ ಕೆಲಸ ಮಾಡಿದರು. ಅವರು ವೈದ್ಯರಲ್ಲ, ವಿದ್ಯುತ್ ಶಾಸ್ತ್ರದ ಮೇಷ್ಟರು. ನಿಂತ ಹೃದಯಕ್ಕೆ ಎದೆಯ ಮೇಲಿನಿಂದ ವಿದ್ಯುತ್ ಕೊಟ್ಟು ಲಯಕ್ಕೆ ತರುವ ಯಂತ್ರವನ್ನು ನಾಯಿಗಳ ಮೇಲೆ ಪರೀಕ್ಷಿಸುತ್ತಿದ್ದಾಗ, ಯಂತ್ರದ ಭಾರವಾದ ಹಿಡಿಗಳನ್ನು ಎದೆಗೆ ಒತ್ತಿದೊಡನೆಯೇ, ವಿದ್ಯುತ್ ಹಾಯಿಸುವ ಮೊದಲೇ, ನಾಯಿಯ ರಕ್ತದೊತ್ತಡ ಏರುವುದನ್ನು ಅವರ ಕಿರಿಯ ಸಹಾಯಕ ಗೈ ನಿಕರ್‌ಬಾಕರ್ ಗಮನಿಸಿದರು. ಹೊರಗಿನಿಂದ ಎದೆ ಒತ್ತಿದರೆ ಒಳಗೆ ರಕ್ತ ಹರಿಯುತ್ತದೆ! ಇವರಿಬ್ಬರೂ ಶಸ್ತ್ರವೈದ್ಯ ಜೇಮ್ಸ್ ಜ್ಯೂಡ್ ಅವರೂ ಸೇರಿ 1960ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ನಿಂತ ಹೃದಯವನ್ನು ಹಿಡಿಯಬೇಕಾದರೆ ಎದೆ ಕೊಯ್ದು ಕೈ ಹಾಕಬೇಕಿತ್ತು. ಅದು ಶಸ್ತ್ರವೈದ್ಯರೊಬ್ಬರ ವಿದ್ಯೆಯಾಗಿತ್ತು. ಅಂದಿನಿಂದ ಅದು ಯಾವ ಮನುಷ್ಯನಾದರೂ ಯಾವ ಜಾಗದಲ್ಲಾದರೂ ಮಾಡಬಹುದಾದ ಕೆಲಸವಾಯಿತು. ಅದೇ ಕಾಲದಲ್ಲಿ ಪೀಟರ್ ಸಫರ್ ಮತ್ತು ಜೇಮ್ಸ್ ಎಲಂ ಎಂಬ ವೈದ್ಯರು ಬಾಯಿಗೆ ಬಾಯಿಟ್ಟು ಉಸಿರು ಕೊಡುವ ಕ್ರಮವನ್ನು ರೂಢಿಗೆ ತಂದರು. ಈ ಎರಡನ್ನೂ ಕೂಡಿಸಿ ಇಂದು ಸಿಪಿಆರ್ ಎನ್ನುತ್ತಾರೆ.

ಲೈನ್‌ಮನ್ನನ ಸಾವಿನಿಂದ ಹುಟ್ಟಿದ ವಿದ್ಯೆ ಲೈನ್‌ಮನ್ನರ ಕೈಗೂ ಬಂತು. 1967ರ ಜುಲೈಯಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್ ಊರಿನಲ್ಲಿ ರ‍್ಯಾಂಡಲ್ ಚಾಂಪಿಯನ್ ಎಂಬ ಲೈನ್‌ಮನ್ ಕಂಬದ ಮೇಲೆ ಆಘಾತಕ್ಕೆ ಸಿಕ್ಕಿ, ಸೊಂಟದ ಪಟ್ಟಿಯಲ್ಲಿ ತಲೆಕೆಳಗಾಗಿ ಜೋತುಬಿದ್ದರು. ಜೊತೆಯ ಕೆಲಸಗಾರ ಜೆ. ಡಿ. ಥಾಮ್ಸನ್ ಕಂಬ ಹತ್ತಿ, ಜೋತಾಡುತ್ತಿದ್ದವನ ಬಾಯಿಗೆ ಅಲ್ಲೇ ಉಸಿರು ತುಂಬಿದರು. ಆ ಕ್ಷಣವನ್ನು ರಾಕೊ ಮೊರಾಬಿಟೊ ಎಂಬ ಪತ್ರಿಕಾ ಛಾಯಾಗ್ರಾಹಕರು ತೆಗೆದ ಚಿತ್ರಕ್ಕೆ 1968ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ಚಾಂಪಿಯನ್ ಬದುಕಿದರು, 2002ರವರೆಗೆ ಬಾಳಿದರು. ಒಬ್ಬ ಕೂಲಿಕಾರ ಇನ್ನೊಬ್ಬ ಕೂಲಿಕಾರನಿಗೆ 35 ವರ್ಷಗಳ ಆಯುಷ್ಯ ಕೊಟ್ಟನು. ನಮ್ಮ ಲೈನ್‌ಮನ್‌ಗಳಲ್ಲಿ ಎಷ್ಟು ಜನರಿಗೆ ಈ ಅಭ್ಯಾಸ ಮಾಡಿಸಲಾಗಿದೆ ಎಂದು ವಿದ್ಯುತ್ ಕಂಪನಿಗಳನ್ನು ನಾವು ಕೇಳಬೇಕು.

ಇನ್ನೊಂದು ದೃಷ್ಟಾಂತ ಲಾಸ್ ವೇಗಸ್‌ನದು. ಅಲ್ಲಿಯ ಜೂಜಿನ ಮನೆಗಳ ಕಾವಲುಗಾರರಿಗೆ ಎದೆ ಒತ್ತುವುದನ್ನೂ ಎಇಡಿ ಎಂಬ ಸಣ್ಣ ವಿದ್ಯುತ್ ಪೆಟ್ಟಿಗೆಯನ್ನು ಬಳಸುವುದನ್ನೂ ಕಲಿಸಿದರು. 2000ದಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಕುಸಿದುಬಿದ್ದು ಹೃದಯ ನಡುಗುತ್ತಿದ್ದವರಲ್ಲಿ ಮೂರು ನಿಮಿಷದೊಳಗೆ ವಿದ್ಯುತ್ ಸಿಕ್ಕಿದವರ ಪೈಕಿ ನೂರಕ್ಕೆ 74 ಮಂದಿ ಬದುಕಿ ಮನೆಗೆ ಹೋದರು. ಮೂರು ನಿಮಿಷ ದಾಟಿದವರಲ್ಲಿ ನೂರಕ್ಕೆ 49. ಉಳಿಸಿದವರು ವೈದ್ಯರಲ್ಲ, ಬಾಗಿಲು ಕಾಯುವ ಸಂಬಳದ ಆಳುಗಳು. ಆದರೆ ಒಂದು ಮಾತು. ಅಲ್ಲಿ ಮೂಲೆಮೂಲೆಗೂ ಕಾವಲು, ಮೂಲೆಮೂಲೆಗೂ ಕ್ಯಾಮರಾ ಇದ್ದುದು ಮನುಷ್ಯರನ್ನು ಕಾಯುವುದಕ್ಕಲ್ಲ, ಹಣವನ್ನು ಕಾಯುವುದಕ್ಕೆ. ಹಣವಿದ್ದ ಕಡೆ ಬದುಕಿಸುವ ಏರ್ಪಾಡು ತಾನೇ ತಾನಾಗಿ ಬಂತು. ಹಣವಿಲ್ಲದ ಕಡೆ ಅದನ್ನು ಜನರೇ ಕಟ್ಟಿಕೊಳ್ಳಬೇಕು.

ಹಾಗೆ ಕಟ್ಟಿಕೊಂಡ ದೇಶವೂ ಉಂಟು. ಡೆನ್ಮಾರ್ಕಿನಲ್ಲಿ 2005ರಲ್ಲಿ ಶಾಲಾಮಕ್ಕಳಿಗೆ ಈ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಮರುವರ್ಷ ವಾಹನ ಚಾಲನೆಯ ಪರವಾನಗಿ ಪಡೆಯುವವರಿಗೂ ಮಾಡಿದರು. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ನೂರಕ್ಕೆ 21 ಮಂದಿಗೆ ಮಾತ್ರ ಅಲ್ಲಿದ್ದ ಜನ ಎದೆ ಒತ್ತಿದ್ದರು. 2010ಕ್ಕೆ ಅದು ನೂರಕ್ಕೆ 45 ಆಯಿತು. ಅದೇ ಅವಧಿಯಲ್ಲಿ ಮೂವತ್ತು ದಿನ ಬದುಕಿ ಉಳಿದವರು ನೂರಕ್ಕೆ 3.5ರಿಂದ 10.8ಕ್ಕೆ ಏರಿದರು. ಆಸ್ಪತ್ರೆಗಳ ಚಿಕಿತ್ಸೆಯೂ ಆಗ ಸುಧಾರಿಸಿತ್ತು, ಎಲ್ಲ ಕೀರ್ತಿಯೂ ಜನರದೆನ್ನಲಾಗದು. ಆದರೆ ಜನರ ಪಾಲು ದೊಡ್ಡದು. ಇನ್ನೂ ನೂರರಲ್ಲಿ ತೊಂಬತ್ತು ಮಂದಿ ಸಾಯುತ್ತಾರೆ ಎಂಬುದನ್ನೂ ಮುಚ್ಚಿಡಕೂಡದು. ಎದೆ ಒತ್ತಿದ ಮಾತ್ರಕ್ಕೆ ಸತ್ತವರೆಲ್ಲ ಎದ್ದು ಕೂರುವುದಿಲ್ಲ. ಹಿಂದೆ ನೂರರಲ್ಲಿ ಮೂವರೋ ನಾಲ್ವರೋ ಉಳಿಯುತ್ತಿದ್ದ ಕಡೆ ಈಗ ಹತ್ತು ಮಂದಿ ಉಳಿಯುತ್ತಾರೆ. ಆ ಹೆಚ್ಚಿನ ಆರೇಳು ಮನೆಗಳಲ್ಲಿ ಹೋಗಿ ಕೇಳಿದರೆ ಇದರ ಬೆಲೆ ತಿಳಿಯುತ್ತದೆ.

ಇನ್ನು ಮಾಡಬೇಕಾದುದನ್ನು ಕ್ರಮವಾಗಿ ಹೇಳುತ್ತೇವೆ, ಗಮನವಿಟ್ಟು ಕೇಳಿ.

ಒಂದು: ಮೊದಲು ಜಾಗ ನೋಡಿ. ತಂತಿ ತಗುಲಿ ಬಿದ್ದವನಾದರೆ ವಿದ್ಯುತ್ ಕಡಿತ ಮಾಡದೆ ಮುಟ್ಟಕೂಡದು. ಇಲ್ಲವಾದರೆ ಒಂದರ ಬದಲು ಎರಡು ಹೆಣ.

ಎರಡು: ಎರಡೂ ಭುಜ ತಟ್ಟಿ ಗಟ್ಟಿಯಾಗಿ ಕೂಗಿ. ಓಗೊಡದಿದ್ದರೆ ಎದೆ ಏರಿಳಿಯುತ್ತಿದೆಯೇ ನೋಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ನೋಡುತ್ತ ಕೂರಬೇಡಿ. ನೀರಿನಿಂದ ತೆಗೆದ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆ ಹೊಡೆದಂತೆ ಮಾಡಿದರೆ ಅದು ಉಸಿರಾಟವಲ್ಲ, ಹೃದಯ ನಿಂತಿರುವುದರ ಗುರುತು. ‘ಉಸಿರಿದೆ, ಬಿಡಿ’ ಎಂದು ಸುಮ್ಮನಾಗಿ ಜನ ಇಲ್ಲಿಯೇ ಮೋಸಹೋಗುತ್ತಾರೆ.

ಮೂರು: ಒಬ್ಬರನ್ನು ಬೊಟ್ಟುಮಾಡಿ, ‘ನೀವು 108ಕ್ಕೆ ಫೋನು ಮಾಡಿ’ ಎನ್ನಿ. ಗುಂಪಿಗೆ ಹೇಳಿದರೆ ಯಾರೂ ಮಾಡುವುದಿಲ್ಲ. ಇನ್ನೊಬ್ಬರನ್ನು ಎಇಡಿ ಹತ್ತಿರದಲ್ಲಿದ್ದರೆ ತರಲು ಕಳಿಸಿ.

ನಾಲ್ಕು: ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಪಕ್ಕದಲ್ಲಿ ಮಂಡಿಯೂರಿ, ಒಂದು ಅಂಗೈಯ ಬುಡವನ್ನು ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಇಡಿ. ಅದರ ಮೇಲೆ ಇನ್ನೊಂದು ಕೈ. ಮೊಳಕೈ ಮಡಿಸದೆ, ಮೈಭಾರ ಬಿಟ್ಟು, ಎದೆ ಐದರಿಂದ ಆರು ಸೆಂಟಿಮೀಟರು ಇಳಿಯುವಂತೆ ಒತ್ತಿ. ಒತ್ತಿದ ಮೇಲೆ ಪೂರ್ತಿ ಮೇಲೇಳಲು ಬಿಡಿ. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಗಡಿಯಾರದ ಮುಳ್ಳು ಒಂದು ಸಲ ಜಿಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎರಡು ಸಲ. ಬಾಯಿಬಿಟ್ಟು ಎಣಿಸಿ. ಎರಡು ನಿಮಿಷಕ್ಕೆ ಯಾರಿಗಾದರೂ ಕೈ ಸೋಲುತ್ತದೆ, ಆಗ ಪಕ್ಕದವರಿಗೆ ಬಿಟ್ಟುಕೊಡಿ. ನಿಲ್ಲಿಸಬೇಡಿ.

ಐದು: ಎಇಡಿ ಬಂದರೆ ತೆರೆಯಿರಿ, ಅದು ತಾನೇ ಮಾತನಾಡಿ ದಾರಿ ಹೇಳುತ್ತದೆ. ಚಿತ್ರದಲ್ಲಿ ತೋರಿಸಿದಂತೆ ಎರಡು ಪಟ್ಟಿಗಳನ್ನು ಬರಿಯ ಎದೆಗೆ ಅಂಟಿಸಿ, ಅದು ಹೇಳಿದಾಗ ದೂರ ಸರಿಯಿರಿ. ಹೃದಯವನ್ನು ಅದೇ ಪರೀಕ್ಷಿಸುತ್ತದೆ. ಬೇಡವಾದವರಿಗೆ ವಿದ್ಯುತ್ ಕೊಡುವುದಿಲ್ಲ.

ಉಸಿರು ಕೊಡಲು ಕಲಿತವರು 30 ಒತ್ತಿಗೆ ಎರಡು ಉಸಿರಿನಂತೆ ಕೊಡಬೇಕು. ಕಲಿಯದವರು ಬರಿಯ ಎದೆ ಒತ್ತಿದರೆ ಸಾಕು. ನಮ್ಮ ದೇಶದ ತಜ್ಞರು ಸಾಮಾನ್ಯ ಜನರಿಗಾಗಿ 2017ರಲ್ಲಿ ಹೊರತಂದ ಕ್ರಮವೂ ಇದೇ. ಕೆರೆಯಲ್ಲಿ ಮುಳುಗಿದವರಿಗೆ, ಚಿಕ್ಕ ಮಕ್ಕಳಿಗೆ ಮಾತ್ರ ಉಸಿರೂ ಬಹಳ ಮುಖ್ಯ. ಎಚ್ಚರ ತಪ್ಪಿದವರ ಬಾಯಿಗೆ ನೀರು, ಸೋಡಾ, ಮಾತ್ರೆ ಏನನ್ನೂ ಹಾಕಕೂಡದು. ಒತ್ತುವಾಗ ಪಕ್ಕೆಲುಬು ಮುರಿಯಬಹುದು. ಮುರಿದ ಎಲುಬು ಕೂಡಿಕೊಳ್ಳುತ್ತದೆ, ಹೋದ ಜೀವ ಕೂಡಿಕೊಳ್ಳುವುದಿಲ್ಲ.

ಈಗ ಒಂದು ಕಹಿ ಮಾತು. ಈ ವಿದ್ಯೆ ಮುಟ್ಟದೆ ನಡೆಯುವಂಥದಲ್ಲ. ಎದೆಯ ಮೇಲೆ ಕೈಯೂರಬೇಕು. ಯಾರು ಯಾರನ್ನು ಮುಟ್ಟಬಹುದು ಎಂಬ ಲೆಕ್ಕ ಇನ್ನೂ ಅಳಿಯದ ಊರುಗಳಿಂದ ನಾವು ನೀವು ಬಂದಿದ್ದೇವೆ. ಬಿದ್ದವನ ಜಾತಿ ಕೇಳಿ ಕೈ ಇಡುವವನು, ಒತ್ತುವವನ ಜಾತಿ ನೋಡಿ ‘ಬೇಡ’ ಎನ್ನುವ ಮನೆಯವರು, ಇಬ್ಬರೂ ಕೊಲೆಯಲ್ಲಿ ಪಾಲುಗಾರರು. ಹೆಂಗಸರ ವಿಷಯದಲ್ಲೂ ಹೀಗೆಯೇ. ಅಮೆರಿಕದಲ್ಲಿ 2017ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಬಿದ್ದ ಗಂಡಸರಲ್ಲಿ ನೂರಕ್ಕೆ 45 ಮಂದಿಗೆ ಜನ ಎದೆ ಒತ್ತಿದರೆ ಹೆಂಗಸರಲ್ಲಿ 39 ಮಂದಿಗೆ ಮಾತ್ರ ಒತ್ತಿದ್ದರು. ಅಲ್ಲಿಯೇ ಹೀಗಾದರೆ ನಮ್ಮ ಸಂತೆಯ ನಡುವೆ ಒಬ್ಬಳು ಬಿದ್ದರೆ ಏನಾದೀತು? ಆದುದರಿಂದ ಮಹಿಳಾ ಕಾರ್ಯಕರ್ತರು ಇದನ್ನು ಮೊದಲು ಕಲಿಯಬೇಕು. ಗಂಡಸರು ಮುಟ್ಟಲು ಹಿಂಜರಿಯುವುದನ್ನು ಬಿಡಬೇಕು.

ಪೊಲೀಸು, ಕೋರ್ಟಿನ ಭಯವೂ ಜನರಲ್ಲಿದೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುವ ನಿಯಮಗಳನ್ನು ಸುಪ್ರೀಂ ಕೋರ್ಟು 2016ರಲ್ಲಿ ಎತ್ತಿಹಿಡಿಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಕಲಂ ಸೇರಿತು. ಒಳ್ಳೆಯ ಉದ್ದೇಶದಿಂದ, ಒಪ್ಪಿಗೆ ಕೇಳಲಾಗದ ಸ್ಥಿತಿಯಲ್ಲಿರುವವನ ಹಿತಕ್ಕಾಗಿ ಮಾಡಿದ ಕೆಲಸ ಅಪರಾಧವಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮಿನಲ್ಲಿದೆ. ಆದರೂ 134ಎ ರಸ್ತೆ ಅಪಘಾತಕ್ಕೆ ಸೀಮಿತ. ಸಂತೆಯಲ್ಲಿ, ಹೊಲದಲ್ಲಿ, ಮನೆಯಲ್ಲಿ ನೆರವಾದವನಿಗೂ ಅಷ್ಟೇ ಸ್ಪಷ್ಟವಾದ ರಕ್ಷಣೆಯನ್ನು ಶಾಸನ ಕೊಡಬೇಕು.

ಕೊನೆಗೆ ನಮ್ಮವರೇ ಎತ್ತುವ ಆಕ್ಷೇಪಣೆ. ‘ಆಸ್ಪತ್ರೆ ಕೊಡಿ, ಆಂಬುಲೆನ್ಸು ಕೊಡಿ ಎಂದು ಸರ್ಕಾರವನ್ನು ಕೇಳಬೇಕಾದ ನಾವು ಜನರಿಗೇ ಎದೆ ಒತ್ತಲು ಕಲಿಸಿದರೆ, ಸರ್ಕಾರದ ಹೊಣೆಯನ್ನು ಬಡವನ ಹೆಗಲಿಗೆ ದಾಟಿಸಿದಂತಾಗಲಿಲ್ಲವೆ?’ ಇದು ತಳ್ಳಿಹಾಕತಕ್ಕ ಮಾತಲ್ಲ. ನಮ್ಮ ಉತ್ತರ ಇದು. ಎದೆ ಒತ್ತಿದರೆ ಸಹಜ ರಕ್ತಸಂಚಾರದ ಕಾಲು ಭಾಗವೋ ಮೂರನೆಯ ಒಂದು ಭಾಗವೋ ಮಾತ್ರ ನಡೆಯುತ್ತದೆ. ಅದು ಕಾಲವನ್ನು ಕೊಂಡುಕೊಡುತ್ತದೆ. ಕೊಂಡ ಕಾಲದೊಳಗೆ ಗಾಡಿಯೂ ವಿದ್ಯುತ್ ಪೆಟ್ಟಿಗೆಯೂ ವೈದ್ಯರೂ ಬಾರದಿದ್ದರೆ ಒತ್ತಿದವನ ಬೆವರು ನೀರುಪಾಲು. ಅಂದಮೇಲೆ ಒತ್ತಲು ಕಲಿತ ಊರೇ ‘ಗಾಡಿ ಏಕೆ ತಡವಾಯಿತು’ ಎಂದು ಗಡಿಯಾರ ಹಿಡಿದು ಕೇಳಬಲ್ಲದು. ಕಲಿಯದ ಊರು ‘ವಿಧಿ’ ಎಂದು ಸುಮ್ಮನಾಗುತ್ತದೆ. ಕರ್ನಾಟಕದಲ್ಲಿ 108ರ ಸೇವೆ 2008ರಲ್ಲಿ ಬಂತು. ಪುನೀತ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆ 2023ರಲ್ಲಿ ಬಂದು, ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ರಕ್ತದ ಗಡ್ಡೆ ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಾಯಿತು. ಒಳ್ಳೆಯದು. ಆದರೆ ಆಸ್ಪತ್ರೆಯ ಬಾಗಿಲಿಗೆ ಜೀವಂತ ಮುಟ್ಟಿದವನಿಗೆ ತಾನೆ ಆ ಚುಚ್ಚುಮದ್ದು?

ಆದುದರಿಂದ ನಮ್ಮ ಬೇಡಿಕೆಗಳು ಇವು. ಪ್ರತಿ ಶಾಲೆಯಲ್ಲಿ ಹನ್ನೆರಡು ವರ್ಷ ತುಂಬಿದ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆ ಈ ಪಾಠ ನಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಬೆಂಬಲ ಕೊಟ್ಟ ಹೇಳಿಕೆಯಲ್ಲಿ ಕೇಳಿರುವುದೂ ಇಷ್ಟೇ. ಬಸ್ ನಿಲ್ದಾಣ, ರೈಲು ನಿಲ್ದಾಣ, ಕಲ್ಯಾಣಮಂಟಪ, ಜಾತ್ರೆಯ ಬಯಲುಗಳಲ್ಲಿ ಎಇಡಿ ಇರಬೇಕು, ಅದನ್ನು ಬೀಗ ಹಾಕಿದ ಬೀರುವಿನಲ್ಲಿ ಇಡಕೂಡದು. ಚಾಲಕ, ಕಂಡಕ್ಟರು, ಲೈನ್‌ಮನ್, ಪೊಲೀಸು, ಪಂಚಾಯಿತಿ ನೌಕರರಿಗೆ ಸಂಬಳದ ಅವಧಿಯಲ್ಲೇ ತರಬೇತಿ ಆಗಬೇಕು.

ಬೇಡಿಕೆ ಈಡೇರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೋ ದಾದಿಯರನ್ನೋ ಕರೆದು ಪ್ರತಿ ಶಾಖೆಯಲ್ಲಿ ಒಂದು ಭಾನುವಾರ ಅಭ್ಯಾಸ ನಡೆಸಿ. ಅಭ್ಯಾಸದ ಗೊಂಬೆ ಸಿಕ್ಕದಿದ್ದರೆ ಗಟ್ಟಿಯಾದ ದಿಂಬು ಸಾಕು. ಬದುಕಿರುವವರ ಎದೆಯ ಮೇಲೆ ಮಾತ್ರ ಅಭ್ಯಾಸ ಬೇಡ. ಕಲಿತವರು ಮನೆಯಲ್ಲಿ ಇನ್ನಿಬ್ಬರಿಗೆ ಕಲಿಸಬೇಕು. ಆರು ತಿಂಗಳಿಗೊಮ್ಮೆ ಮತ್ತೆ ಮಾಡಬೇಕು, ಏಕೆಂದರೆ ಕೈ ಮರೆಯುತ್ತದೆ.

ಬೀದಿಯಲ್ಲಿ ಒಬ್ಬ ಬಿದ್ದಾಗ ಸುತ್ತ ನಿಲ್ಲುವ ಜನ ನಮ್ಮಲ್ಲಿ ಯಾವಾಗಲೂ ಉಂಟು. ಆ ಗುಂಪಿನಿಂದ ಒಬ್ಬ ಮಂಡಿಯೂರಿ ಕೂರುವಂತಾಗಬೇಕು, ಇನ್ನೊಬ್ಬಳು ಫೋನು ಮಾಡುವಂತಾಗಬೇಕು, ಮೂರನೆಯವನು ಎಣಿಸುತ್ತ ಸರದಿಗೆ ಸಿದ್ಧನಾಗಬೇಕು. ಈಗ ದಿಂಬುಗಳನ್ನು ತಂದಿದ್ದೇವೆ. ಮಾತು ಸಾಕು, ಹತ್ತು ಹತ್ತು ಮಂದಿಯಾಗಿ ಮುಂದೆ ಬನ್ನಿ. ಹೆಂಗಸರು ಮೊದಲು.